‘ಎರಡೂ ಕಡೆಯೋರು’ ಎಂಬ ಅಪರಾಧ

ನನ್ನ ತಂದೆಯನ್ನು ಸೆರೆಯಲ್ಲಿಟ್ಟವರು ಶತ್ರುಗಳಲ್ಲ. ಶ್ರೀರಂಗಪಟ್ಟಣದ ಕೋಟೆಬಾಗಿಲಿನ ಅಧಿಕಾರಿಗಳೇ, ನೀವು. ಅದೂ ನೀವೇ ಕೇಳಿದ ಪ್ರಶ್ನೆಗೆ ಅವರು ಸತ್ಯವಾದ ಉತ್ತರ ಕೊಟ್ಟ ಕಾರಣಕ್ಕೆ. ನಾಗಮಂಗಲದ ಸೀಮೆಯಿಂದ ಚದುರಿಹೋದ ನನ್ನ ಊರಿನವರೂ ಓದಿಸಿ ಕೇಳಲೆಂದು ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಹೊರಗಿನ ದಂಡು ನಮ್ಮನ್ನು ದೋಚಿತೆಂದು ಪಟ್ಟಣದಲ್ಲಿ ಹೇಳುತ್ತಾರೆ. ದಂಡೇನೋ ಬಂದಿತ್ತು. ಆದರೆ ನಮ್ಮ ಕೊಟ್ಟಿಗೆಗೆ ನುಗ್ಗಿದವರು ಮುಖಕ್ಕೆ ಬಟ್ಟೆ ಸುತ್ತಿಕೊಂಡಿದ್ದರು. ಎತ್ತುಗಳು ಹೆದರಿ ಕದಲದೆ ನಿಂತಾಗ ಅವರಲ್ಲೊಬ್ಬ ‘ಬಾ ಕೆಂದ, ಬಾ ಮಾಸ’ ಎಂದು ಮೆಲ್ಲಗೆ ಕರೆದ. ಅವು ಅವನ ಹಿಂದೆ ಹೋದವು. ಕುಲುಮೆಯ ಮುಂದೆ ನಿಂತಿದ್ದ ಅಪ್ಪ, “ನಮ್ತಾವ್ಲೇ ಕುಡ್ಲು ತಟ್ಟಿಸ್ಕಂಡೋನು ಕಣ್ಲಾ ಅವ್ನು” ಎಂದರು.

ನಾನು ಮಠದ ಪಾಠಶಾಲೆಯಲ್ಲಿ ತರ್ಕ ಓದಿದವನು. ಲಕ್ಷಣ ಹೇಳದೆ ಯಾವುದನ್ನೂ ಹೆಸರಿಸಬಾರದೆಂದು ಅಲ್ಲಿ ಕಲಿಸಿದರು. ಒಳಯುದ್ಧಕ್ಕೆ ನಾನು ಕಂಡುಕೊಂಡ ಲಕ್ಷಣ ಇದು: ದೋಚಲು ಬಂದವನಿಗೆ ನಿಮ್ಮ ಎತ್ತುಗಳ ಹೆಸರು ಗೊತ್ತಿರುತ್ತದೆ. ಕಾರಣ ಹುಡುಕಲು ಶಾಸ್ತ್ರವೇ ಬೇಡ. ಒಬ್ಬ ದೊರೆಯ ಮಂದಿ ಹೊಲ ಕೊಡುತ್ತೇವೆಂದರು, ಇನ್ನೊಬ್ಬನ ಮಂದಿ ಕಂದಾಯ ಬಿಡುತ್ತೇವೆಂದರು. ಒಂದೇ ಬೀದಿ ಎರಡು ಪಾಳೆಯವಾಯಿತು. ಆಸೆ ಹಚ್ಚಿದವರ ಮನೆಯಿಂದ ಒಂದು ಕರುವೂ ಕಾಣೆಯಾಗಲಿಲ್ಲ.

ಹಿರೋಡೆಯ ಹಾದಿಯುದ್ದಕ್ಕೂ ಬಾಗಿಲು ತೆರೆದ, ಹೊಗೆಯಾಡದ ಮನೆಗಳನ್ನು ದಾಟಿ ಬಂದು ಕೋಟೆಯ ಹೊರಗಿನ ಬಾಬುರಾಯನಕೊಪ್ಪಲಿನಲ್ಲಿ ಗರಿಯ ಗುಡಿಸಲು ಕಟ್ಟಿದೆವು. ಊರಿನಲ್ಲಿ ಕೆರೆ ಬತ್ತಿದರೆ ನೀರಿಗೆ ಪರದಾಟ. ಇಲ್ಲಿ ಕಾವೇರಿ ಕಣ್ಣೆದುರೇ ಇದ್ದರೂ ನೀರಿಗಿಳಿಯಲು ‘ಪಾರಾ’ದವರ, ಅಂದರೆ ಕಾವಲಿನವರ, ಅಪ್ಪಣೆ ಬೇಕು. ಊರಿನಲ್ಲಿ ಎದುರಾದವರು ಊಟವಾಯಿತೇ ಎಂದು ಕೇಳುತ್ತಿದ್ದರು. ಇಲ್ಲಿ ಯಾವ ಕಡೆಯವರೆಂದು ಕೇಳುತ್ತಾರೆ.

ಆ ಪ್ರಶ್ನೆಯೇ ನಮ್ಮನ್ನು ಕೆಡಿಸಿತು. ಇಲ್ಲಿ ಹೊಸದಾಗಿ ಹೂಡಿದ ಕುಲುಮೆಗೆ ಇದ್ದಿಲು ತರಲು ಕೋಟೆಯೊಳಗೆ ಹೊರಟ ಅಪ್ಪನನ್ನು ಬಾಗಿಲಿನಲ್ಲಿ ಕಾವಲಿನವನು ಹಾಗೆಯೇ ಕೇಳಿದ.

“ಎರಡೂ ಕಡೆಯೋರು ಕಣಪ್ಪ. ನಮ್ಮವ್ವ ನಾಗಮಂಗಲದ್ ಕಡೆ, ನಮ್ಮಪ್ಪ ಅತ್ತಿಕುಪ್ಪೆ ಕಡೆ.”

ಚಿನಕುರಳಿಯವನಾದ ಆ ಕಾವಲಿನವನಿಗೆ ಅರ್ಥವಾಯಿತು, ನಕ್ಕ. ನಮ್ಮಲ್ಲಿ ‘ಕಡೆ’ ಎಂದರೆ ಹುಟ್ಟಿದ ನೆಲ, ನೆಂಟರ ಮನೆ. ಹಿಂದೆ ನಿಂತಿದ್ದ, ಅರೆಬರೆ ಕನ್ನಡದ ಜಮಾದಾರನಿಗೆ ‘ಕಡೆ’ ಎಂದರೆ ದಂಡು ಮಾತ್ರ. ಎರಡೂ ದಂಡಿಗೆ ಸೇರಿದವನು ಗೂಢಚಾರನಲ್ಲದೆ ಇನ್ನೇನು? ಅಪ್ಪ ಅಂದು ಒಳಗೆ ಹೋದವರು ಇಂದಿಗೂ ಬಂದಿಲ್ಲ. ವಿಚಾರಣೆಯೂ ಆಗಿಲ್ಲ.

ಅವ್ವನ ಒಂದೇ ಗೆಲುವೆಂದರೆ, ಸೆರೆಗೆ ಮುದ್ದೆ, ಉಪ್ಪೆಸರು ಒಯ್ದು ಕೊಡಲು ಆ ಕಾವಲಿನವನನ್ನೇ ಒಪ್ಪಿಸಿರುವುದು. ಮೊನ್ನೆ ಅವನು ಪಾತ್ರೆ ಹಿಂದಿರುಗಿಸುತ್ತ, “ಉಂಡ್ರು ಕಣವ್ವ. ಉಪ್ಪೆಸ್ರಿಗೆ ಉಪ್ಪು ಕಮ್ಮಿ ಅಂದ್ರು” ಎಂದ. ಊರು ಬಿಟ್ಟ ಮೇಲೆ ಅವ್ವ ನಕ್ಕದ್ದು ಆಗಲೇ. “ಅಂಗಾರೆ ಚೆನ್ನಾಗವ್ರೆ ಬುಡು.”

ಜಮಾದಾರನಿಗೆ ‘ಕಡೆ’ ಎಂಬ ಮಾತಿನ ಅರ್ಥವನ್ನು ನೀನೇಕೆ ಬಿಡಿಸಿ ಹೇಳಬಾರದೆಂದು ನಾನು ರೇಗಿದೆ. ಅವನು ಸುತ್ತ ನೋಡಿದ.

“ಯೋಳ್ಬೋದು ಆಚಾರ್ರೆ. ಆಮೇಕೆ ನನ್ನ ಯಾವ್ ಕಡೆಯೋನು ಅಂತಾರೆ.”

ಅವನ ಮೇಲಿನ ನನ್ನ ಕೋಪ ಅಲ್ಲಿಗೆ ನಿಂತಿತು. ನಿಮ್ಮ ಮೇಲಿನದು ನಿಂತಿಲ್ಲ.

ಆದ್ದರಿಂದ ಅಧಿಕಾರಿಗಳಲ್ಲಿ ನನ್ನ ಬಿನ್ನಹ. ನನ್ನ ತಂದೆಯ ವಿಚಾರಣೆ ನಮ್ಮ ಸೀಮೆಯ ಕನ್ನಡ ಬಲ್ಲವರ ಎದುರು, ಬಹಿರಂಗವಾಗಿ ನಡೆಯಲಿ. ತಪ್ಪು ಕಾಣದಿದ್ದರೆ ಅಂದೇ ಅವರನ್ನು ಬಿಡಿ. ನಮ್ಮ ಬೀದಿಯನ್ನು ಎರಡು ಪಾಳೆಯ ಮಾಡಿದವರು ಯಾರೆಂದು ತಿಳಿಸಿ, ಅವರನ್ನೂ ವಿಚಾರಣೆಗೆ ಕರೆಸಿ. ಕೊನೆಯದಾಗಿ ಒಂದು. ಊರಿನಲ್ಲಿ ನಮ್ಮ ಮನೆಗೆ ಸೂರಿಲ್ಲ, ಇಲ್ಲಿ ನಮ್ಮ ಸೂರಿಗೆ ಊರಿಲ್ಲ. ಅಪ್ಪ ಹೊರಬರಬೇಕಾದದ್ದು ಅದೇ ಬಾಗಿಲಿನಿಂದ, ಅಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತೀರಿ. ಅವರು ಏನೆಂದು ಉತ್ತರಿಸಬೇಕೆಂಬುದನ್ನು ದಯಮಾಡಿ ಬರೆದು ತಿಳಿಸಿ.