ಆಚೆ ದಂಡೆ ಇಲ್ಲದ ನೀರು

ಒಮ್ಮೆ ಸಮುದ್ರ ನೋಡಬೇಕೆಂಬ ಆಸೆ ಅವ್ವನಿಗೆ ಹುಟ್ಟಿದ್ದು ಅಪ್ಪ ಸತ್ತ ಮೇಲೆ. ಅಲ್ಲಿಯವರೆಗೆ ಸಮುದ್ರವೆಂದರೆ ನಮ್ಮ ಮನೆಯಲ್ಲಿ ನಗುವ ವಿಷಯವಾಗಿತ್ತು.

ನಮ್ಮದು ಕಾನಹೊಸಹಳ್ಳಿ ಕಡೆಯ ಕುರಿ ಕಾಯುವ ಮನೆತನ. ಬೇಸಿಗೆ ಬಂತೆಂದರೆ ಗಂಡಸರು ಕುರಿ ಹೊಡೆದುಕೊಂಡು ಚಿಗಟೇರಿ, ಹರಪನಹಳ್ಳಿ ದಾಟಿ, ಹೊಳೆ ದಾಟಿ ಪಡುವಲಕ್ಕೆ ಹೋಗುತ್ತಿದ್ದರು. ದೊಡ್ಡ ಮರಗಳು ಶುರುವಾಗುವಲ್ಲಿಗೆ ತಿರುಗಿಬಿಡುವುದು ರೂಢಿ. ಅದರಾಚೆಯ ತೇವಕ್ಕೆ ಕುರಿಯ ಗೊರಸು ಕೊಳೆಯುತ್ತದೆ. ನಾನು ಚಿಕ್ಕವನಿದ್ದಾಗ ಒಂದು ವರ್ಷ ಅಪ್ಪ ಕುರಿಗಳನ್ನು ಜೊತೆಗಾರರಿಗೆ ಒಪ್ಪಿಸಿ, ಆಚೆ ಏನಿದೆ ನೋಡಿಯೇ ಬಿಡೋಣವೆಂದು ಒಬ್ಬನೇ ಕಾಡು ಹೊಕ್ಕು ಘಟ್ಟದ ಗುಡ್ಡವೊಂದನ್ನು ಹತ್ತಿದ್ದ. ಊರಿಗೆ ಬಂದವನು ಹಟ್ಟಿಯ ಮುಂದೆ ಉಣ್ಣೆ ನೂಲುತ್ತ ಕೂತವರಿಗೆಲ್ಲ ಹೇಳಿದ, “ಸಮುದ್ರ ನೋಡಿ ಬಂದೆ. ಬರೇ ನೀರು. ಆಚಿ ದಂಡಿನ ಇಲ್ಲ.”

ಕೆರೆ ನೋಡಿ ಬೆಳೆದ ಜನ ನಾವು. ನೀರೆಂದ ಮೇಲೆ ಅದಕ್ಕೊಂದು ಏರಿ, ಒಂದು ತೂಬು, ಆಚೆ ದಂಡೆಯಲ್ಲಿ ಯಾರದೋ ಹೊಲ ಇರಲೇಬೇಕು. “ಬಿಸಲಿಗೆ ತಲಿ ತಿರಗೈತಿ ಇವಗ” ಎಂದು ಒಬ್ಬ ನಕ್ಕ. ಅವ್ವ ಎಲ್ಲರಿಗಿಂತ ಜೋರಾಗಿ ನಕ್ಕಳು. “ಸಮುದ್ರದ ಸಾವ್ಕಾರ ಬಂದಾನ, ದಾರಿ ಬಿಡ್ರಿ” ಎಂದಳು. ಆ ಹೆಸರು ಅಪ್ಪನಿಗೆ ಅಂಟಿಕೊಂಡುಬಿಟ್ಟಿತು. ಕೊಟ್ಟೂರು ಸಂತೆಯಲ್ಲೂ ಅವನನ್ನು ಹಾಗೇ ಕರೆದು ಕಾಡುತ್ತಿದ್ದರು. ಅಪ್ಪ ಮೊದಲೇ ಮಾತು ಕಡಿಮೆಯವ. ಸಮುದ್ರದ ಸುದ್ದಿಯನ್ನು ಮತ್ತೆಂದೂ ಎತ್ತಲಿಲ್ಲ.

ಎಪ್ಪತ್ತರ ದಶಕದ ಕೊನೆಗೆ ಅಪ್ಪ ತೀರಿಕೊಂಡ. ಅದೇ ಹೊತ್ತಿಗೆ ನನಗೆ ಘಟ್ಟದ ಅಂಚಿನ ಊರೊಂದರಲ್ಲಿ ಮಾಸ್ತರ ಕೆಲಸ ಸಿಕ್ಕಿತು. ದೀಪಾವಳಿಗೆ ಮುಂಚೆ ಅವ್ವ ನನ್ನನ್ನು ನೋಡಲು ಬಂದಳು. ಹಾಗಂತ ನಾನು ತಿಳಿದಿದ್ದೆ. ಬಸ್ಸಿಳಿದವಳು ನನ್ನ ಮುಖ ಕೂಡ ಸರಿಯಾಗಿ ನೋಡದೆ, “ಸಮುದ್ರ ಯಾವ ಕಡಿಗೈತಿ?” ಎಂದಳು.

“ಯಾಕಬೇ?”

“ನಿಮ್ಮಪ್ಪ ಹೇಳಿದ್ದು ಖರೇನೋ ಸುಳ್ಳೋ, ನನ್ನ ಕಣ್ಣೀಲೆ ನೋಡಬೇಕು. ಅದೊಂದು ಉಳದೈತಿ.”

ಘಟ್ಟ ಇಳಿಯುವ ರಸ್ತೆ ಆ ಮಳೆಗಾಲದಲ್ಲಿ ಕುಸಿದು ಬಸ್ಸು ನಿಂತುಹೋಗಿತ್ತು. ಹಬ್ಬದ ಹಟ್ಟಿ ಪೂಜೆಗೆ ಅವಳು ಊರಲ್ಲಿ ಇರಲೇಬೇಕು, ಹೆಚ್ಚು ದಿನ ಕಾಯುವಂತಿರಲಿಲ್ಲ. ಊರ ಹಿಂದಿನ ಗುಡ್ಡದ ತಲೆಯಿಂದ ಸಮುದ್ರ ಕಾಣುತ್ತದೆಂದು ಜನ ಹೇಳುತ್ತಿದ್ದರು. ಮರುದಿನ ಬೆಳಿಗ್ಗೆ ಇಬ್ಬರೂ ಹೊರಟೆವು.

ಗುಡ್ಡದ ಬುಡದಲ್ಲಿ ಅವ್ವ ಚಪ್ಪಲಿ ಬಿಟ್ಟಳು. ನಮ್ಮ ಕಡೆ ದೇವರಿಲ್ಲದ ಗುಡ್ಡವಿಲ್ಲ, ಹತ್ತುವವರು ಚಪ್ಪಲಿಯನ್ನು ಕೆಳಗೇ ಬಿಡುತ್ತಾರೆ.

“ಇಲ್ಲಿ ಮ್ಯಾಲೆ ದೇವ್ರಿಲ್ಲಬೇ, ಹಾಕ್ಕೋ” ಎಂದೆ.

“ನಿನಗ ಗೊತ್ತಿಲ್ಲ ಅಂದ್ರ ದೇವ್ರ ಇಲ್ಲೇನು?” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದೇಬಿಟ್ಟಳು. ನಾನು ಕಾಲುಚೀಲ, ಬೂಟು ಹಾಕಿಕೊಂಡಿದ್ದೆ. ತೆಗೆಯಲಿಲ್ಲ.

ದಾರಿ ಬಹಳ ಕಡಿದಾಗಿತ್ತು. ಮರದ ಬೇರುಗಳನ್ನೇ ಹಿಡಿದು ಮೈ ಎಳೆದುಕೊಳ್ಳಬೇಕು, ಕಾಲಿಟ್ಟಲ್ಲಿ ಕೊಳೆತ ಎಲೆ ಜಾರುತ್ತದೆ, ಮೇಲೆ ನೋಡಿದರೆ ಆಕಾಶವೇ ಇಲ್ಲ. ನಾನು ಏದುಸಿರು ಬಿಡುತ್ತ ಹಿಂದೆ ಬಿದ್ದೆ. ಜೀವಮಾನವೆಲ್ಲ ಕುರಿ ಹಿಂದೆ ನಡೆದ ಕಾಲು ಅವ್ವನದು. ಅಲ್ಲಲ್ಲಿ ನಿಂತು, “ಮಾಸ್ತರ ಆಗಿ ಎಮ್ಮಿ ಆಗೀಯಲ್ಲೋ, ಬಾ” ಎಂದು ಛೇಡಿಸುತ್ತಿದ್ದಳು. ಅಪ್ಪ ಸತ್ತ ಮೇಲೆ ಅವಳನ್ನು ಅಷ್ಟು ಗೆಲುವಾಗಿ ನಾನು ನೋಡಿರಲಿಲ್ಲ.

ಕೊನೆಗೆ ಮರಗಳು ತೆಳುವಾದವು. ಮೇಲೆ ಬಯಲು ಬಂಡೆ ಕಂಡಿತು. ಅದರ ಮೇಲೆ ನಿಂತರೆ ಸಮುದ್ರ. ಅಷ್ಟರಲ್ಲಿ ಅವ್ವ ತನ್ನ ಕಾಲು ನೋಡಿಕೊಂಡಳು. ಎರಡೂ ಪಾದಗಳ ಮೇಲೆ ರಕ್ತ ಹರಿಯುತ್ತಿತ್ತು.

“ಮುಳ್ಳು ತುಳದಿಲ್ಲ. ನೋವಿಲ್ಲ. ರಗತ ಎಲ್ಲಿಂದ ಬಂತೋ?”

“ಉಂಬಳಬೇ” ಎಂದು ನಕ್ಕು, ಬೆರಳ ಸಂದಿಯಿಂದ ಒಂದು ಜಿಗಣೆಯನ್ನು ಕಿತ್ತು ತೋರಿಸಿದೆ. “ಮಳಿ ಹಸಿ ಆರೂತನಕ ಇಲ್ಲಿ ಎಲ್ಲಾರಿಗೂ ಹತ್ತತಾವ.”

ಅವಳು ಆ ಹುಳವನ್ನು ನೋಡಿದಳು, ನನ್ನ ಬೂಟು ನೋಡಿದಳು, ಮೇಲಿನ ಬಂಡೆ ನೋಡಿದಳು. ಅಲ್ಲೇ ಒಂದು ಬೇರಿನ ಮೇಲೆ ಕೂತುಬಿಟ್ಟಳು. “ಬ್ಯಾಡ ಅಂತೈತಿ” ಎಂದಳು.

ನಮ್ಮವರಲ್ಲಿ ಒಂದು ನಂಬಿಕೆಯಿದೆ. ಬರಿಗಾಲಲ್ಲಿ ದೇವರ ಗುಡ್ಡ ಹತ್ತುವಾಗ ಗಾಯವಿಲ್ಲದೆ ರಕ್ತ ಬಂದರೆ ದೇವರು ಒಲ್ಲೆ ಎಂದಂತೆ. ಹರಕೆ ಹೊತ್ತವರು ಕೂಡ ಅರ್ಧಕ್ಕೇ ತಿರುಗುತ್ತಾರೆ. ಚಪ್ಪಲಿ ಇದ್ದರೂ ಉಂಬಳ ಅವಳನ್ನು ಬಿಡುತ್ತಿರಲಿಲ್ಲ. ಆದರೆ ಚಪ್ಪಲಿ ಬಿಟ್ಟಾಗಲೇ ಅವಳ ಪಾಲಿಗೆ ಅದು ದೇವರ ಗುಡ್ಡವಾಗಿತ್ತು.

ನನಗೆ ಪಿತ್ತ ನೆತ್ತಿಗೇರಿತು. “ಹುಳಕ್ಕ ಏನು ಗೊತ್ತಬೇ?”

“ಹುಳಕ್ಕ ಗೊತ್ತಿಲ್ಲ. ಕಳಿಸಿದಾವಗ ಗೊತ್ತೈತಿ.” ಆಮೇಲೆ ದನಿ ಇಳಿಸಿ ಹೇಳಿದಳು, “ನಿಮ್ಮಪ್ಪ ಬಾಯಿಬಿಟ್ಟು ಹೇಳಿದಾಗ ನಂಬಲಿಲ್ಲ. ಈಗ ನೋಡ್ತೀನಿ ಅಂದ್ರ ಯಾರು ತೋರಸ್ತಾರ?”

ಕೈಹಿಡಿದು ಎಳೆದೆ, ಬೈದೆ, ಗೋಗರೆದೆ. ಅವಳು ಏಳಲಿಲ್ಲ. “ನೀ ಹೋಗು. ನಿನ್ನ ತಡದಿಲ್ಲ” ಎಂದಳು.

ನಾನು ಹೋದೆ. ಕೆಳಗೆ ಕಾಡು ಇಳಿಯುತ್ತ ಹೋಗಿ ತೆಂಗಿನ ತೋಟವಾಗಿತ್ತು. ಅದರಾಚೆಗಿನದನ್ನು ಮೊದಲು ಆಕಾಶವೆಂದುಕೊಂಡೆ. ಅದು ನೀರೆಂದು ಗೊತ್ತಾದಾಗ ನನ್ನ ಕಣ್ಣು ತಾನಾಗಿ ಆಚೆಯ ಏರಿಯನ್ನು ಹುಡುಕಿತು. ಇರಲಿಲ್ಲ. ಇಷ್ಟನ್ನು ಕಂಡು ಬಂದು ಸುಮ್ಮನೆ ಬಾಯಿ ಮುಚ್ಚಿಕೊಂಡು ಬದುಕಿದ ಅಪ್ಪ ನೆನಪಾದ. ತಿರುಗಿ ನೋಡಿದರೆ ಕೆಳಗೆ ಗಿಡಗಳ ನಡುವೆ ಅವ್ವನ ಸೀರೆ ಕಾಣುತ್ತಿತ್ತು. ಕೂಗಿದರೆ ಕೇಳುವಷ್ಟು ಹತ್ತಿರ.

ಇಳಿದು ಬಂದು, “ಅಪ್ಪ ಹೇಳಿದ್ದು ಖರೇ ಐತಿ” ಎಂದೆ.

ಅವಳು ಕೇಳಿದಳು, “ಅಲ್ಲಿ ನಿಂತ್ರ ಹೆದರಿಕಿ ಆಗತೈತೇನು?”

“ಆಗತೈತಿ.”

“ನಿಮ್ಮಪ್ಪನೂ ಒಬ್ಬನ ನಿಂತಿದ್ದ” ಎಂದಳು. ಹಾಗೆಂದು ಬಾಯಿಗೆ ಸೆರಗು ಹಚ್ಚಿ ಅತ್ತಳು. ಅಪ್ಪ ಸತ್ತ ದಿನ ಕೂಡ ಅವಳು ಹಾಗೆ ಅತ್ತಿರಲಿಲ್ಲ.

ಮುಂದಿನ ವರ್ಷ ಘಟ್ಟದ ರಸ್ತೆ ಸರಿಯಾಯಿತು. ಬಸ್ಸಿನಲ್ಲಿ ಹೋಗಿ ಸಮುದ್ರಕ್ಕೆ ಕಾಲು ಅದ್ದಿ ಬರಲು ಒಂದು ಹಗಲು ಸಾಕು. ಊರಿಗೆ ಹೋದಾಗಲೆಲ್ಲ ಕರೆದೆ. “ಒಮ್ಮಿ ಬ್ಯಾಡ ಅಂದಮ್ಯಾಲೆ ಕದ್ದು ನೋಡೂದೇನು?” ಎನ್ನುತ್ತಿದ್ದಳು. ನೋಡದೆಯೇ ಹೋದಳು. ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅವಳ ಕೊನೆಯ ವರ್ಷಗಳಲ್ಲಿ ಹಟ್ಟಿಯ ಹುಡುಗರು ರೇಡಿಯೋದಲ್ಲಿ ಬಿರುಗಾಳಿಯ ಸುದ್ದಿ ಕೇಳಿ ಸಮುದ್ರದ ಮಾತೆತ್ತಿದರೆ ಸಾಕು, ಅವ್ವ ಕೈಯ ಕೆಲಸ ನಿಲ್ಲಿಸುತ್ತಿದ್ದಳು. “ನಮ್ಮನಿಯವರು ನೋಡ್ಯಾರ. ಕಾಡಾಗ ಒಬ್ಬರ ಹೋಗಿ ನೋಡಿ ಬಂದಾರ.” ಹುಡುಗರು ಹೂಂ ಅನ್ನುತ್ತಿದ್ದರು. ಅವರಾರೂ ಅನುಮಾನಪಡಲಿಲ್ಲ. ಆದರೂ ಅವಳು ಯಾರೋ ಎದುರುವಾದ ಹೂಡಿದರೆಂಬಂತೆ ದನಿ ಏರಿಸಿ ಮತ್ತೆ ಹೇಳುತ್ತಿದ್ದಳು, “ಖರೇನ ನೋಡ್ಯಾರ.” ಅಂದು ಅಪ್ಪನನ್ನು ನೋಡಿ ನಕ್ಕವರೆಲ್ಲ ಆಗಲೇ ಮಣ್ಣು ಸೇರಿದ್ದರು. ಉಳಿದಿದ್ದವಳು ಅವ್ವ ಒಬ್ಬಳೇ.