ವೋಲ್ಟೇಜ್ ಏರುವಷ್ಟು ಹೊತ್ತು

ಕಾಯುವುದೆಂದರೆ ನನಗೆ ಆಗದು. ಬಿ.ಸಿ.ರೋಡಿನಲ್ಲಿ ಬಸ್ಸು ಸ್ವಲ್ಪ ಹೆಚ್ಚು ನಿಂತರೂ ಕಂಡಕ್ಟರನ ಮುಖ ನೋಡಿ ಉರಿಯುವವಳು ನಾನು. ಅಂಥವಳಿಗೆ ಗಂಟುಬಿದ್ದ ಕೆಲಸ ನೋಡಿ: ಮೂಡುಬಿದಿರೆಯ ಸಣ್ಣ ಕಚೇರಿಯೊಂದರಲ್ಲಿ ಕುಳಿತು, ಸರ್ಕಿಟ್ ಬೋರ್ಡಿನ ಯಾವ ರೆಗ್ಯುಲೇಟರ್ ಯಾವ ಭಾಗಕ್ಕೆ ಎಷ್ಟು ವೋಲ್ಟ್ ಕೊಡುತ್ತದೆ ಎಂದು ಆಪರೇಟಿಂಗ್ ಸಿಸ್ಟಮ್ಮಿಗೆ ವಿವರಣೆ ಬರೆಯುವುದು. ಅದಕ್ಕೆ ತಾನಾಗಿ ಏನೂ ಕಾಣಿಸದು. ನಾವು ಬರೆದದ್ದನ್ನೇ ನಂಬುತ್ತದೆ.

ಆ ಬಾರಿಯ ಬೋರ್ಡು ಹೊಳೆಯ ನೀರು ಅಳೆಯುವಂಥದ್ದು. ನೀರು ಏರಿದರೆ ಸೈರನ್ ಕೂಗಬೇಕು. ಪರೀಕ್ಷೆಗೆಂದು ಫರಂಗಿಪೇಟೆಯಲ್ಲಿ, ನೇತ್ರಾವತಿಯ ದಡದಲ್ಲಿರುವ ನನ್ನ ಅಕ್ಕನ ಮನೆಯ ಹಿಂದೆ ಇಟ್ಟಿದ್ದೆವು. ಕೆಳಗಿನ ಕೋಣೆಯಲ್ಲಿ ಅವಳ ಹೊಲಿಗೆ ಮಿಷನ್‌ಗಳು, ಗಿರಾಕಿಗಳ ಬಟ್ಟೆ. ಹೊಳೆ ಒಮ್ಮೆ ಅಲ್ಲಿಗೆ ನುಗ್ಗಿದ ಮೇಲೆ ಮಳೆಗಾಲದಲ್ಲಿ ಅವಳಿಗೆ ನಿದ್ದೆಯೆಂಬುದಿಲ್ಲ. ಎದ್ದೆದ್ದು ಹೋಗಿ ನೀರು ನೋಡುತ್ತಾಳೆ.

ಕಚೇರಿಯ ಮೇಜಿನ ಮೇಲೆ ಪಾಪದ ಹಾಗೆ ಸರಿಯಾಗಿ ಅಳೆಯುತ್ತಿದ್ದ ಬೋರ್ಡು, ಅಲ್ಲಿ ಹೊಳೆ ತುಂಬಿ ಹರಿಯುತ್ತಿದ್ದರೂ ನೀರು ಕಡಿಮೆ ಎನ್ನತೊಡಗಿತು. ನನಗೆ ಊಟ ಸೇರಲಿಲ್ಲ. ಸಿಕ್ಕಸಿಕ್ಕವರ ಮೇಲೆ ರೇಗಿದೆ. ಕೊನೆಗೆ ಕಾರಣ ಸಿಕ್ಕಿತು. ಮೇಜಿನ ಮೇಲೆ, ನೀರು ಅಳೆಯುವ ಸೆನ್ಸರಿಗೆ ಸದಾ ಕರೆಂಟು ಇರುತ್ತಿತ್ತು. ಹೊಳೆಯ ಬದಿಯಲ್ಲಿ ಬ್ಯಾಟರಿ ಉಳಿಸಲು ಆಗಾಗ ಆಫ್ ಮಾಡಿ ಆನ್ ಮಾಡುತ್ತಿದ್ದೆವು. ರೆಗ್ಯುಲೇಟರ್ ಆನ್ ಆದಮೇಲೆ ವೋಲ್ಟೇಜ್ ಪೂರ್ತಿ ಏರಲು ಒಂದಿಷ್ಟು ಹೊತ್ತು ಬೇಕು, ಕಣ್ಣು ಮಿಟುಕಿಸುವುದಕ್ಕಿಂತಲೂ ಕಡಿಮೆ. ಅದು ವಿವರಣೆಯಲ್ಲಿ ಇರಲಿಲ್ಲ. ಹಾಗಾಗಿ ಸಿಸ್ಟಮ್ ಕಾಯದೆ, ಇನ್ನೂ ಪೂರ್ತಿ ಎಚ್ಚರವಾಗದ ಸೆನ್ಸರಿನ ಮಾತು ಕೇಳುತ್ತಿತ್ತು.

"ಪ್ರೋಗ್ರಾಮಿನಲ್ಲಿ ಸ್ವಲ್ಪ ಕಾಯಲಿಕ್ಕೆ ಹೇಳಿ ಮುಗಿಸುವ, ಸರ್" ಎಂದೆ ನಮ್ಮ ಹಿರಿಯ ಎಂಜಿನಿಯರರಿಗೆ.

"ಬೇಡ. ನಾಳೆ ಬೇರೆ ಯಾರಾದ್ರೂ ಪ್ರೋಗ್ರಾಮ್ ಬದಲಿಸಿದ್ರೆ? ಅದು ರೆಗ್ಯುಲೇಟರಿನ ಗುಣ, ಅದರ ವಿವರಣೆಯಲ್ಲೇ ಬರೀರಿ. ಅಂದಾಜಿಗೆ ಅಲ್ಲ, ಅಳೆದು."

ಗೊಣಗುತ್ತಲೇ ಅಳೆದೆ. ತಣ್ಣಗಿದ್ದಾಗ, ಬಿಸಿಯಾದಾಗ, ಬ್ಯಾಟರಿ ಸೋತಾಗ. ಎಲ್ಲಕ್ಕಿಂತ ಹೆಚ್ಚು ಹಿಡಿದ ಹೊತ್ತನ್ನು ಬರೆದೆ. ಒಂದೇ ಸಾಲು. ಬೋರ್ಡನ್ನು ಮತ್ತೆ ಹೊಳೆಯ ಬದಿಗೆ ಒಯ್ದು ಇಟ್ಟೆವು. ಅಳತೆ ಸರಿ ಬಂತು, ಎಚ್ಚರಿಕೆಯ ಮಟ್ಟವನ್ನು ಪರೀಕ್ಷೆಗೆಂದು ಇಳಿಸಿದಾಗ ಸೈರನ್ನೂ ಕೂಗಿತು. ಖುಷಿಯಲ್ಲಿ ಅಕ್ಕನನ್ನು ಕರೆದು ತೋರಿಸಿದೆ.

"ಈಗ ಸರಿ ಉಂಟಾ?"

"ಉಂಟು."

"ಹಾಗಾದ್ರೆ ಇನ್ನು ನಾನು ಎದ್ದು ನೋಡುವುದು ಬೇಡ ಅಲ್ವಾ?"

ರೆಗ್ಯುಲೇಟರಿನ ಬಗ್ಗೆ ಕೇಳಿದ್ದರೆ ಎದೆ ತಟ್ಟಿ ಹೇಳುತ್ತಿದ್ದೆ. ಅವಳು ಕೇಳಿದ್ದು ತನ್ನ ನಿದ್ದೆಯ ಬಗ್ಗೆ. ನನಗೆ ಹೆದರಿಕೆಯಾಯಿತು.

"ಯಾವುದಕ್ಕೂ ಈ ಮಳೆಗಾಲಕ್ಕೆ ಮಿಷನ್‌ಗಳನ್ನು ಮೇಲೆ ಸಾಗಿಸುವ, ಅಕ್ಕ."

ಅಕ್ಕ ಬೋರ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಸಾಗಿಸುವ. ಮತ್ತೆ ಇದನ್ನು ಯಾರಿಗಾಗಿ ಮಾಡಿದ್ದು, ಮಾರಾಯ್ತಿ?"