ಆಲಕ್ಕೆ ಅರ್ಧ ಸುತ್ತು

ಎರಡು ಸೊಸೈಟಿಗಳ ನಡುವಿನ ಗೋಡೆಯ ನೆತ್ತಿಯ ಮೇಲೆ ಬಿದ್ದ ಒಣ ಎಲೆಯನ್ನು ಯಾರು ಗುಡಿಸಬೇಕು? ಇದೂ ಒಂದು ಪ್ರಶ್ನೆಯೇ ಎನ್ನಿಸಿದರೆ ನೀವು ಪುಣ್ಯವಂತರು; ಕಾಂದಿವಲಿಯ ನಮ್ಮ ಬಿಲ್ಡಿಂಗಿನವರೂ ಪಕ್ಕದ ಬಿಲ್ಡಿಂಗಿನವರೂ ಇಂಥ ಎಲೆಗಳ ಸಲುವಾಗಿಯೇ ವರ್ಷಗಟ್ಟಲೆ ಮಾತು ಬಿಟ್ಟಿದ್ದೆವು. ಎಲೆ ಆಲದ್ದು. ಮರ ನಿಂತಿರುವುದು ಸರಿಯಾಗಿ ಗಡಿಯ ಮೇಲೆ. ಆಳೆತ್ತರದ ಗೋಡೆ ಎರಡೂ ಕಡೆಯಿಂದ ಬಂದು ಅದರ ಕಾಂಡಕ್ಕೆ ಆತುಕೊಂಡಿತ್ತು. ಗೋಡೆ ಮೊದಲೋ ಮರ ಮೊದಲೋ ಎಂದು ಕೇಳಬೇಡಿ. ಮರ ಸಸಿಯಾಗಿದ್ದಾಗ ನೋಡಿದ್ದೇನೆಂದು ನಾನು ಹಲವರ ಮುಂದೆ ಹೇಳಿದ್ದೇನೆ. ಹೇಳಿ ಹೇಳಿಯೇ ಆ ಸಸಿ ನನ್ನ ನೆನಪಿನಲ್ಲಿ ಚಿಗುರಿತೋ ಏನೋ, ಆಣೆ ಮಾಡಲಾರೆ.

ಅದರ ನಿಜವಾದ ಬೇರು ಮಾತ್ರ ನೆಲಮಹಡಿಯ ನಮ್ಮ ಅಡುಗೆಮನೆಯ ಗೋಡೆ ಹೊಕ್ಕಿತ್ತು. ಗೋಡೆಯಲ್ಲಿ ಸದಾ ತೇವ. ಮರ ಕಡಿಸಲೇಬೇಕೆಂದು ಹಠ ಹಿಡಿದವನು ನಾನು. ಎಲೆಯ ವಿಷಯದಲ್ಲಿ ಎಂದೂ ಒಂದಾಗದ ಎರಡೂ ಕಮಿಟಿಗಳು ಕೊಡಲಿಯ ವಿಷಯದಲ್ಲಿ ಚಹಾ ಆರುವುದರೊಳಗೆ ಒಂದಾದವು; ಸಭೆಯೊಂದು ಮಾತ್ರ ಬಾಕಿ ಉಳಿಯಿತು.

ತಕರಾರು ಬಂದದ್ದು ನನ್ನ ಮನೆಯೊಳಗಿಂದಲೇ. ವಿಜಯಪುರದ ಕಡೆಯವಳಾದ ನನ್ನ ಹೆಂಡತಿ ಪ್ರತಿ ಜ್ಯೇಷ್ಠದ ಹುಣ್ಣಿಮೆಗೆ ಆ ಆಲಕ್ಕೆ ನೂಲು ಸುತ್ತುತ್ತಾಳೆ, ಏಳು ಜನ್ಮಕ್ಕೂ ಇದೇ ಗಂಡ ಇರಲಿ ಎಂದು. ಇಷ್ಟು ವರ್ಷ ಕಂಡ ಮೇಲೂ ಬೇಡಿಕೆ ಬದಲಿಸದ ಅವಳ ಧೈರ್ಯಕ್ಕೆ ನನ್ನ ನಮಸ್ಕಾರ. ಆದರೆ ಗೋಡೆ ಅಡ್ಡವಿರುವಾಗ ಮರ ಸುತ್ತುವುದು ಹೇಗೆ? ಇವಳು ಅರ್ಧ ಸುತ್ತಿ, ನೂಲಿನ ಉಂಡೆಯನ್ನು ಗೋಡೆಯ ಮೇಲೆ ಎತ್ತಿ ಹಿಡಿಯುತ್ತಾಳೆ. ಆಚೆಯಿಂದ ಒಂದು ಕೈ ಬಂದು ಅದನ್ನು ಇಸಿದುಕೊಂಡು, ಉಳಿದರ್ಧ ಸುತ್ತಿ, ಕಾಂಡದ ಇನ್ನೊಂದು ಬದಿಯಿಂದ ಮರಳಿಸುತ್ತದೆ. "ಧರಾ ವಹಿನೀ, ಧರಾ!" ಎಂದು, ಇವಳನ್ನು ಮರಾಠಿಯಲ್ಲಿ ಅತ್ತಿಗೆ ಮಾಡಿಕೊಂಡು, ಹಿಡಿಸುತ್ತದೆ. ಆಮೇಲೆ ಆ ಕಡೆಯವರ ಉಂಡೆಗೆ ಇವಳ ಸರದಿ. ನಾವು ಗಂಡಸರು ಮಾತು ಬಿಟ್ಟ ವರ್ಷಗಳಲ್ಲೂ ಇದು ನಿಂತಿರಲಿಲ್ಲ. ಆ ಕೈ ಯಾರದೆಂದು ಮಾತ್ರ ಇವಳು ಕಂಡಿರಲಿಲ್ಲ.

ಸಭೆಗೆ ಅವಳೂ ಬಂದಳು.

"ಗಿಡಾ ಯಾಕ ಕಡೀತೀರಿ? ಗ್ವಾಡಿ ಒಡೀರಿ. ಹೆಂಗೂ ಬಿರಕ ಬಿಟ್ಟದ," ಎಂದು ನನಗೆ ಹೇಳಿ, ಉಳಿದವರಿಗೆ ಅದನ್ನೇ ಹಿಂದಿಯಲ್ಲಿ ಹೇಳಿದಳು.

ಗೋಡೆ ಹೋದರೆ ಗಡಿ ಎಲ್ಲಿ ಎಂದು ಪಕ್ಕದ ಸೊಸೈಟಿಯ ಸೆಕ್ರೆಟರಿ ನಕ್ಕರು. "ಅರೇ ಭಾಭೀಜಿ, ದೀವಾರ್ ಗಯೀ ತೋ ಬೌಂಡರಿ ಕಹಾಂ?"

"ಝಾಡ್ ಹೈ ನಾ!" ಎಂದು ಮರವನ್ನೇ ಗಡಿ ಮಾಡಿದವಳು ನನ್ನ ಕಡೆ ತಿರುಗಿದಳು. "ಅಡಗಿಮನಿ ಗ್ವಾಡಿ ದಿನಾ ಒರಸಾಕಿ ನಾನು. ಏಳು ಜನ್ಮಾ ಒರಸ್ತೀನಿ. ನೀವೊಂದು ಜನ್ಮಾ ಸುಮ್ಮ ಕೂಡ್ರಿ."

ಕನ್ನಡ ಬಾರದವರೂ ನನ್ನ ಮುಖ ನೋಡಿ ನಕ್ಕರು. ನಗುವ ಸಭೆಯಲ್ಲಿ ಕೊಡಲಿಗೆ ಬಹುಮತ ಸಿಗುವುದಿಲ್ಲ. ಕಾಂಡದ ಎಡಬಲಕ್ಕಿದ್ದ ಗೋಡೆಯನ್ನು ಅಷ್ಟಷ್ಟು ಕೆಡವಿದರು. ಮರ ಉಳಿಯಿತು, ನನ್ನ ತೇವವೂ ಉಳಿಯಿತು.

ಈ ಸಲದ ಹುಣ್ಣಿಮೆಗೆ ಯಾರು ಬೇಕಾದರೂ ಆಲವನ್ನು ಪೂರ್ತಿ ಸುತ್ತಬಹುದಿತ್ತು. ನಾನು ಕಿಟಕಿಯಲ್ಲಿ ನಿಂತು ನೋಡಿದೆ; ನನ್ನ ಸಾಕ್ಷ್ಯವನ್ನು ನೀವು ಅರ್ಧವಷ್ಟೇ ನಂಬಿರಿ, ಏಕೆಂದರೆ ಉಳಿದರ್ಧಕ್ಕೆ ಕಾಂಡ ಅಡ್ಡವಿತ್ತು. ಇವಳು ಅರ್ಧ ಸುತ್ತಿ ನಿಂತಳು. ನಿಂತಲ್ಲಿಂದಲೇ ಉಂಡೆ ಚಾಚಿದಳು. ಉಂಡೆ ಮರದ ಹಿಂದೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬದಿಯಿಂದ ಒಂದು ಕೈ ಅದನ್ನು ಹಿಡಿದು ಹೊರಬಂತು, ಕೈಯ ಹಿಂದೆ ಒಂದು ಮುಖವೂ.